ಮೊಮ್ಮಗಳ ಕಣ್ಣಿಗೆ ಕಪ್ಪು ಪಟ್ಟಿ

ನನಗೆ ಮೊಮ್ಮಗಳು ಬಂದಿದ್ದಾಳೆ! ಬಂಗಾರದಂಥ ಮಗು! ಹೆಸರು ಬರೆಯುವುದಿಲ್ಲ, ಊರೂ ಬರೆಯುವುದಿಲ್ಲ. ಗುಬ್ಬಿಯ ಆಚೆ ಎಲ್ಲೋ ಅಂದುಕೊಳ್ಳಿ.

ಮಗಳು, ಅಳಿಯ ದತ್ತು ತೆಗೆದುಕೊಳ್ಳುತ್ತಿರುವ ಮಗು. ಕೊನೆಯ ಆದೇಶ ಇನ್ನೂ ಬಾಕಿ. ಅಲ್ಲಿಯವರೆಗೆ ಮಗು ಹೇಗಿದೆ ಎಂದು ನೋಡಿಕೊಂಡು ಹೋಗಲು ತುಮಕೂರಿನಿಂದ ದತ್ತು ಸಂಸ್ಥೆಯ ಮೇಡಂ ಬರುತ್ತಾರೆ. ಮೊದಲ ಸಲವೇ ನಮ್ಮ ಹಕ್ಕುಗಳನ್ನು ತಿಳಿಸಿದರು.

"ನೀವು ಹೇಳಿದ್ದು ನಮ್ ಫೈಲಲ್ಲೇ ಇರುತ್ತೆ. ಮಗೂಗೆ ಅಪಾಯ ಇದ್ರೆ ಮಾತ್ರ ಬೇರೆ ಮಾತು, ಇಲ್ದಿದ್ರೆ ನಿಮ್ಮನ್ನ ಕೇಳ್ದೆ ಯಾರ್ಗೂ ಹೇಳಲ್ಲ. ಏನ್ ಬರ್ದಿದೀವಿ ಅಂತ ನೀವು ಕೇಳ್ಬೋದು. ಮಗೂ ಮುಖ, ಹೆಸರು ನೀವೂ ಹೊರಗೆ ಹಾಕಂಗಿಲ್ಲ ತಾತ."

ಗುಟ್ಟಂತೆ! ಓದಿದವರ ಕಾಟ! ನಮ್ಮನೆ ಸಾರಿಗೆ ಒಗ್ಗರಣೆ ಬಿದ್ದರೆ ಎದುರುಮನೆ ಪುಟ್ಟಮ್ಮ ಸೀನಿ, "ಉಪ್ಪು ಸಾಕಾ?" ಎನ್ನುವ ಬೀದಿ ಇದು. ಪುಡಾರಿಗಳ ಹಿಂಬಾಲಕರ ಹುಟ್ಟುಹಬ್ಬಕ್ಕೂ ಇಲ್ಲಿ ಫ್ಲೆಕ್ಸ್ ಏಳುತ್ತದೆ. ನನ್ನ ಮೊಮ್ಮಗಳಿಗೆ ಬೇಡವೇ?

ಆದರೂ ನಾನು ಕಾನೂನು ಪಾಲಿಸುವ ಪ್ರಜೆ. ಫ್ಲೆಕ್ಸ್ ಅಂಗಡಿಯವನಿಗೆ ಗಂಭೀರವಾಗಿ ಅಪ್ಪಣೆ ಕೊಟ್ಟೆ: "ಮುಖ ಗೊತ್ತಾಗ್ಬಾರ್ದು ಕಣಪ್ಪ. ಪೇಪರ್‌ನಲ್ಲಿ ಹಾಕ್ತಾರಲ್ಲ, ಹಂಗೆ ಕಣ್ಣಿಗೆ ಕಪ್ಪು ಪಟ್ಟಿ ಹೊಡಿ." ಮಗುವಿನ ಹೆಸರೂ ಇಲ್ಲ. 'ದತ್ತು ಬಂದ ಮಹಾಲಕ್ಷ್ಮಿಗೆ ಸುಸ್ವಾಗತ' ಎಂದಷ್ಟೇ. ಕೆಳಗೆ ನನ್ನ ಹೆಸರು, ನನ್ನ ಫೋಟೊ, ಮನೆ ಕಡೆಗೆ ಒಂದು ಬಾಣ!

ಬೆಳಿಗ್ಗೆ ಬೀದಿ ತಿರುವಿನಲ್ಲಿ ಕಟ್ಟಿಸಿದೆ. ಪುಟ್ಟಮ್ಮ ಓಡಿಬಂದಳು.

"ಅಯ್ಯೋ ಯಜಮಾನ್ರೇ, ಹಾಲ್ಗೂಸು! ಏನ್ ಕಳ್ತನ ಮಾಡ್ತು?"

"ಕಳ್ತನ ಅಲ್ಲ ಕಣಮ್ಮ, ಗೋಪ್ಯ!"

"ಗೋಪ್ಯಾನ ಇಷ್ಟ್ ದಪ್ಪಕ್ಕೆ ಬರ್ಸಿದೀರಾ?"

ಅಷ್ಟರಲ್ಲಿ ಮೇಡಂ ಬಂದರು. ಬಾಣದ ಗುರುತು ಹಿಡಿದೇ ಬಂದರು!

ಮಗಳ ಮುಖ ಸುಣ್ಣವಾಯಿತು. ಮಗುವನ್ನು ಅವಚಿಕೊಂಡು, "ವಾಪಸ್ ಕರ್ಕೊಂಡ್ ಹೋಗ್ತೀರಾ ಮೇಡಂ?" ಎಂದಳು.

ಮೇಡಂ ನನ್ನ ಕಡೆ ತಿರುಗಿದರು. "ತಾತ, ದತ್ತು ಬಂದೋಳು ಅನ್ನೋದು ಅವಳು ಹೇಳ್ಬೇಕಾದ ಮಾತು. ದೊಡ್ಡೋಳಾದ್ಮೇಲೆ ಯಾರಿಗೆ ಹೇಳ್ಬೇಕು ಅಂತ ಅವಳೇ ತೀರ್ಮಾನ ಮಾಡ್ಬೇಕಿತ್ತು. ನೀವು ಬೀದಿಗೆಲ್ಲ ಹೇಳ್ಬಿಟ್ರಿ."

ನಾಲ್ಕನೇ ಕ್ಲಾಸಿನ ನನ್ನ ಬುದ್ಧಿಗೂ ಅದು ತಟ್ಟಿತು. ಏಣಿ ಹತ್ತಿ ಹಗ್ಗ ಬಿಚ್ಚಿದೆ. ಫ್ಲೆಕ್ಸ್ ಸಮೇತ ಚರಂಡಿಗೆ ಬಿದ್ದೆ. ಕೆಸರು ಮೆತ್ತಿ ಯಾರಿಗೂ ನನ್ನ ಮುಖ ಕಾಣಲಿಲ್ಲ. ಆ ಹೊತ್ತಿಗೆ ಅದೇ ಒಳ್ಳೆಯದಾಯಿತು!

ಮೇಡಂ ಏನೋ ಬರೆದುಕೊಂಡರು. ನನಗೆ ಹಕ್ಕಿದೆಯಲ್ಲ, ಕೇಳಿದೆ.

"ಮಗು ಚೆನ್ನಾಗಿದೆ, ಇಲ್ಲೇ ಇರ್ಲಿ ಅಂತ. ತಾತಂಗೆ ಮಾತ್ರ ಇನ್ನೊಂದ್ಸಲ ತಿಳಿಸಿ ಹೇಳ್ಬೇಕು ಅಂತ."

ಮಗಳು ಅಲ್ಲೇ ಕುಸಿದು ಕುಳಿತು ಅತ್ತಳು. ಅಳಿಯ ನಗುತ್ತಲೇ ಕಣ್ಣೊರೆಸಿಕೊಂಡ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಬಿಸಿ ಮುದ್ದೆ, ಅವರೆಕಾಳು ಸಾರು, ನನ್ನ ತೊಡೆಯ ಮೇಲೆ ಮೊಮ್ಮಗಳು. ಹೆಂಡತಿ ಬಡಿಸುತ್ತಾ, "ಈ ಮನೇಲಿ ಒಂದ್ ಗುಟ್ಟು ಹೇಳಕ್ಕೆ ಯಾರ್ನ ನಂಬೋದು?" ಎಂದಳು. ಎಲ್ಲರೂ ಮಗುವನ್ನೇ ತೋರಿಸಿದರು.

ಅವಳಿಗೆ ಇನ್ನೂ ಮಾತು ಬಂದಿಲ್ಲ. ನನಗೆ ಬಂದಿದ್ದೇ ತಪ್ಪಾಯಿತು!