ಸೋಮವಾರ ಏರುವ ಸಕ್ಕರೆ

ನಮ್ಮ ನೆರೆಮನೆಯ ಟೀಚರಿಗೆ ತಲೆ ಸರಿ ಇಲ್ಲ ಎಂದು ನಾನು ಹೇಳುವುದಿಲ್ಲ. ಹೇಳುವ ಧೈರ್ಯವಿಲ್ಲ! ಎಂಟನೆಯ ತರಗತಿಯಲ್ಲಿ ನನಗೆ ಗಣಿತ ಕಲಿಸಿದವರು. ಕಾಂಪೌಂಡಿನ ಆಚೆಯಿಂದ ಅವರು ಕೆಮ್ಮಿದರೆ ಐವತ್ತೆರಡರ ಈ ವಯಸ್ಸಿನಲ್ಲೂ ನನ್ನ ಕೈ ಅಂಗಿಯ ಗುಂಡಿ ಹುಡುಕುತ್ತದೆ. ಆದರೆ ಒಂದು ಮಾತು ಕೇಳುತ್ತೇನೆ. ಬೆಕ್ಕಿನ ಕಿವಿಗೆ ಸೂಜಿ ಚುಚ್ಚುವ ಮೊದಲು ತನ್ನ ಬೆರಳಿಗೆ ಚುಚ್ಚಿಕೊಳ್ಳುವವರನ್ನು ನೀವು ಮೂಡಬಿದ್ರೆಯಲ್ಲಿ ಬಿಡಿ, ಬೇರೆಲ್ಲಾದರೂ ಕಂಡಿದ್ದೀರಾ?

ಬೆಕ್ಕಿನ ಹೆಸರು ಸೊನ್ನೆ. ಮಲಗಿದರೆ ಮೂಗು ಬಾಲದ ತುದಿಗೆ ಸೇರಿ ಪೂರ್ತಿ ಸೊನ್ನೆಯೇ ಆಗುತ್ತದೆ. ಅದು ಮಲಗದಿರುವುದು ಅಪರೂಪ. ಟೀಚರು ಜೈನರು, ಅವರ ಮನೆಯಲ್ಲಿ ಬೆಳ್ಳುಳ್ಳಿಗೂ ಪ್ರವೇಶವಿಲ್ಲ. ಹಾಗಾಗಿ ಸೊನ್ನೆ ಹತ್ತು ವರ್ಷ ಹಾಲನ್ನ ತಿಂದು, ಬಸದಿಯ ಗಂಟೆ ಕೇಳಿಸಿಕೊಂಡು, ಕಾವಿ ನೆಲದ ಮೇಲೆ ಬಿಸಿಲಿನ ಚೌಕ ಸರಿದ ಹಾಗೆ ತಾನೂ ಸರಿಯುತ್ತಾ ನಿದ್ದೆಯಲ್ಲೇ ದಪ್ಪವಾಯಿತು. ಆ ಜಗಲಿಯ ಗುಣವೇ ಅಂಥದ್ದು. ರಜೆಯ ಮಧ್ಯಾಹ್ನ ಅಲ್ಲಿ ಹೋಗಿ ಕುಳಿತರೆ ಬೆಳಕಿನ ಕೋಲಿನಲ್ಲಿ ಧೂಳಿನ ಕಣಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನೋಡುತ್ತಾ ನೋಡುತ್ತಾ, ನಾನು ಯಾವುದಕ್ಕೆ ಚಿಂತಿಸುತ್ತಿದ್ದೆ ಎಂಬುದೇ ಮರೆತುಹೋಗುತ್ತದೆ. ಮರೆತುಹೋಯಿತಲ್ಲ ಎಂದು ಮತ್ತೆ ಚಿಂತೆ ಶುರು!

ಚಿಂತೆಯಲ್ಲಿ ನನ್ನದು ಪಳಗಿದ ಕೈ. ಮೆಲ್ಕಾರಿನ ಕಾಲೇಜೊಂದರಲ್ಲಿ ಗುಮಾಸ್ತನಾದ ನನಗೆ, ಬಸ್ಸು ಬಂಟ್ವಾಳ ತಲುಪುವಾಗ ದಿನವೂ ಒಂದೇ ಯೋಚನೆ: ಮನೆಯಲ್ಲಿ ಗ್ಯಾಸ್ ಆರಿಸಿದ್ದೇವೋ ಇಲ್ಲವೋ? ಫೋನ್ ಮಾಡಿದರೆ ಹೆಂಡತಿ ಹಲೋ ಎನ್ನುವುದನ್ನು ಬಿಟ್ಟು ವರ್ಷಗಳಾದವು. "ಆಫ್ ಉಂಟು" ಎಂದು ಇಟ್ಟುಬಿಡುತ್ತಾಳೆ.

ಕಳೆದ ವರ್ಷ ಸೊನ್ನೆ ಇದ್ದಕ್ಕಿದ್ದಂತೆ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿ ಸೊರಗಿಹೋಯಿತು. ಬೆಳುವಾಯಿಯಿಂದ ದನದ ಡಾಕ್ಟರು ಬಂದು ನೋಡಿದರು.

"ಟೀಚರ್, ಇದಕ್ಕೆ ಶುಗರ್. ಅನ್ನ ಬಿಡಿಸ್ಬೇಕು. ಮೀನೋ ಮಾಂಸವೋ ಕೊಟ್ರೆ ಒಳ್ಳೆದು."

ಟೀಚರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅವರು ಕನ್ನಡಕ ಒರೆಸಿದರೆ ಉತ್ತರ ತಪ್ಪು ಎಂದರ್ಥ. ಡಾಕ್ಟರಿಗೆ ಅದು ಗೊತ್ತಿರಲಿಲ್ಲ, ಪಾಪ.

"ಅದು ಬಿಟ್ಟು ಬೇರೆ ಎಂತ ಉಂಟು?"

"ಇನ್ಸುಲಿನ್ ಹೇಗೂ ಬೇಕು. ಅನ್ನವೇ ಕೊಟ್ರೆ ಜಾಸ್ತಿ ಬೇಕಾದೀತು."

"ಜಾಸ್ತಿಯೇ ಕೊಡುವ."

ಹೀಗೆ ಬೆಳಿಗ್ಗೆ ಆರೂವರೆಗೆ ಒಮ್ಮೆ, ಸಂಜೆ ಆರೂವರೆಗೆ ಒಮ್ಮೆ, ಊಟವಾದ ಮೇಲೆ ಒಂದೊಂದು ಯೂನಿಟ್ ಎಂದು ಶುರುವಾಯಿತು. ಡಾಕ್ಟರ ಷರತ್ತು ಮೂರು: ಸಕ್ಕರೆ ಅಳೆದು ಬರೆದಿಡಬೇಕು, ತಾನು ನೋಡದೆ ಡೋಸ್ ಬದಲಿಸಬಾರದು, ಬದಲಿಸಿದರೂ ಸಲಕ್ಕೆ ಅರ್ಧ ಯೂನಿಟ್ ಮಾತ್ರ. ಬರೆದಿಡಿ ಎಂದು ಅವರು ಹೇಳಿದ್ದು ಯಾರಿಗೆ! ಮರುದಿನ ಗೋಡೆಯಲ್ಲಿ ಗ್ರಾಫ್ ಹಾಳೆ ತೂಗಾಡುತ್ತಿತ್ತು.

ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆಯಬೇಕು. ಟೀಚರು ಹೊಸ ಸೂಜಿ ತೆಗೆದು ಮೊದಲು ತನ್ನ ಬೆರಳಿಗೇ ಚುಚ್ಚಿಕೊಂಡರು.

"ಒಂದು ಜೀವಕ್ಕೆ ನೋವು ಮಾಡ್ಲಿಕ್ಕೆ ಹೊರಟ ಮೇಲೆ, ಎಷ್ಟು ನೋವಾಗ್ತದೆ ಅಂತ ನಮಗೆ ಗೊತ್ತಿರ್ಬೇಕಾ ಬೇಡವಾ?"

"ಬೇಕು ಟೀಚರ್" ಎಂದೆ. ಅದೇ ನನ್ನ ತಪ್ಪು.

"ಹಾಗಾದ್ರೆ ಕೈ ಕೊಡು."

ಅಂದಿನಿಂದ ಗ್ರಾಫಿನಲ್ಲಿ ಮೂರು ಗೆರೆ. ಸೊನ್ನೆಯದು ಕೆಂಪು ಶಾಯಿ, ಟೀಚರದ್ದು ನೀಲಿ, ನನ್ನದು ಪೆನ್ಸಿಲ್.

"ನನಗೆ ಯಾಕೆ ಪೆನ್ಸಿಲ್ ಟೀಚರ್?"

"ನಿನ್ನ ಉತ್ತರ ಯಾವಾಗ ಶಾಯಿಯಲ್ಲಿ ಬರೆಯುವಷ್ಟು ಸರಿ ಇತ್ತು, ಹೇಳು."

ತಿಂಗಳುಗಳಲ್ಲಿ ಒಂದು ಯೂನಿಟ್ ಒಂದೂವರೆಯಾಗಿ, ಎರಡಾಯಿತು. ಸೊನ್ನೆ ಮೈ ತುಂಬಿಕೊಂಡಿತು. ಅದಕ್ಕೆ ಕಾರಣ ಇನ್ಸುಲಿನ್ ಒಂದೇ ಅಲ್ಲ ಎಂದು ನನಗೆ ಗೊತ್ತಾದದ್ದು ಒಂದು ಭಾನುವಾರ. ಮಧ್ಯಾಹ್ನ ಅಡುಗೆಮನೆಯ ಹಿಂದೆ ಹೋಗಿ ನೋಡಿದರೆ, ಕಾಂಪೌಂಡಿನ ಮೇಲೆ ಸೊನ್ನೆ! ಅದರ ಎದುರು ಬಾಳೆಲೆಯ ತುಂಡಿನಲ್ಲಿ ಬೇಯಿಸಿದ ಬಂಗುಡೆ ಮೀನು! ಬಡಿಸುತ್ತಿದ್ದವಳು ನನ್ನ ಹೆಂಡತಿ.

"ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತು. ಅದರ ಕಣ್ಣು ನೋಡಿ ನೀವು, ಕೊಡದೆ ಇರ್ಲಿಕ್ಕೆ ಆಗ್ತದಾ?"

"ಟೀಚರಿಗೆ ಹೇಳ್ಬೇಕಲ್ಲ ಮಾರಾಯ್ತಿ!"

"ಹೇಳಿ. ನೀವೇ ಹೇಳಿ."

ನಾನು ಹೇಳಲೆಂದೇ ಹೋದೆ, ಒಂದು ಸಲವಲ್ಲ, ಹತ್ತು ಸಲ. ಪ್ರತಿ ಸಲವೂ ಆ ಜಗಲಿ, ಆ ಬೆಳಕಿನ ಕೋಲು, ಒಳಗಿನಿಂದ ಬರುವ ಶ್ರೀಗಂಧದ ಪರಿಮಳ. ಅಲ್ಲಿ ಬಂಗುಡೆ ಎಂಬ ಶಬ್ದವನ್ನು ಉಚ್ಚರಿಸುವುದು ಹೇಗೆ? ಬಾಯಿಗೆ ಬಂದ ಮಾತು ಧೂಳಿನ ಕಣಗಳ ಜೊತೆ ತೇಲಿಹೋಗುತ್ತಿತ್ತು.

ಆಮೇಲೊಂದು ದಿನ ಟೀಚರು ನನ್ನನ್ನು ಗ್ರಾಫಿನ ಮುಂದೆ ನಿಲ್ಲಿಸಿದರು.

"ಇಲ್ಲಿ ನೋಡು. ಎಲ್ಲ ದಿನ ಸಂಜೆ ಸರಿ ಉಂಟು. ಸೋಮವಾರ ಮಾತ್ರ ಸಕ್ಕರೆ ಏರ್ತದೆ. ನಾಲ್ಕು ವಾರದಿಂದ ನೋಡ್ತಾ ಇದ್ದೇನೆ. ಬೆಕ್ಕಿಗೆ ವಾರ ಗೊತ್ತಾಗ್ತದಾ?"

ಸೋಮವಾರ ಶಿವನ ವಾರ, ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ! ಉಳಿದ ದಿನ ಮಧ್ಯಾಹ್ನದ ಬಂಗುಡೆಗಾಗಿ ಅನ್ನವನ್ನು ಅರ್ಧಕ್ಕೆ ಬಿಡುವ ಸೊನ್ನೆ, ಸೋಮವಾರ ಬೇರೆ ದಾರಿಯಿಲ್ಲದೆ ಹಾಲನ್ನವನ್ನೇ ಗಡದ್ದಾಗಿ ಹೊಡೆಯುತ್ತಿತ್ತು.

"ರಜೆ ಮುಗಿದ ಬೇಸರ ಇರಬಹುದು ಟೀಚರ್" ಎಂದೆ. "ನನಗೂ ಸೋಮವಾರ ಹಾಗೇ ಆಗ್ತದೆ."

ಕ್ಲಾಸಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೇ ಹೆಚ್ಚು ಹೊತ್ತು ಕೊಡುತ್ತಿದ್ದ ಟೀಚರು, ಇಲ್ಲೂ ಅದನ್ನೇ ಮಾಡಿದರು. ಡಾಕ್ಟರು ಇಡೀ ದಿನದ ಅಳತೆ ಕೇಳಿದಾಗ ಸೋಮವಾರವನ್ನೇ ಆರಿಸಿ, ಎರಡೆರಡು ಗಂಟೆಗೊಮ್ಮೆ ಅಳೆದು, ಗ್ರಾಫಿನ ಫೋಟೋ ಕಳಿಸಿದರು. ಏರಿದ ಗೆರೆ ನೋಡಿದ ಡಾಕ್ಟರು ಮಂಗಳವಾರದಿಂದ ಎರಡೂವರೆ ಕೊಡಿ ಎಂದರು. ಮೀನು ತಿಂದ ದಿನಕ್ಕೆ ಅದು ಹೆಚ್ಚಾದೀತು ಎಂದು ಗೊತ್ತಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ. ಅರ್ಧ ಯೂನಿಟ್ ಎಂದರೆ ಎಷ್ಟು, ಸೊಳ್ಳೆಯ ಕಣ್ಣೀರಿನಷ್ಟು ಎಂದು ನನಗೆ ನಾನೇ ಹೇಳಿಕೊಂಡೆ. ಗ್ಯಾಸಿಗೆ ದಿನವೂ ಹೆದರುವವನು ಹೆದರಬೇಕಾದ ದಿನ ಹೆದರಲಿಲ್ಲ.

ಬುಧವಾರ ನನಗೆ ರಜೆ. ಮಧ್ಯಾಹ್ನ ಹೆಂಡತಿ ಬಾಳೆಲೆ ಹಿಡಿದುಕೊಂಡು ಕಾಂಪೌಂಡಿನ ಬಳಿ ನಿಂತೇ ಇದ್ದಳು. ಸೊನ್ನೆ ಬರಲಿಲ್ಲ. ಬಂದದ್ದು ಟೀಚರ ಸ್ವರ.

"ಬಾ ಮಾರಾಯ! ಬೇಗ ಬಾ!"

ಸೊನ್ನೆ ನೆಲದ ಮೇಲೆ ಕಾಲು ಚಾಚಿ ಬಿದ್ದಿತ್ತು. ಏಳಲು ಹೋಗಿ ತೂರಾಡಿ ಮತ್ತೆ ಬಿತ್ತು. ಸಕ್ಕರೆ ನಲವತ್ತೊಂದಕ್ಕೆ ಇಳಿದಿತ್ತು. ಫೋನಿನಲ್ಲಿ ಡಾಕ್ಟರು, "ಜೇನು ಉಂಟಾ? ಇಲ್ಲದಿದ್ರೆ ಸಕ್ಕರೆ ನೀರು ದಪ್ಪ ಮಾಡಿ ವಸಡಿಗೆ ಉಜ್ಜಿ. ನಾನು ಹೊರಟೆ" ಎಂದರು. ಟೀಚರ ಮನೆಯಲ್ಲಿ ಜೇನೂ ನಿಷಿದ್ಧ. ನಾನು ಸಕ್ಕರೆ ಕದಡಿದೆ. ಕಪ್ಪು ಹಲಗೆಯ ಮೇಲೆ ಸ್ಕೇಲಿಲ್ಲದೆ ನೇರ ಗೆರೆ ಎಳೆಯುತ್ತಿದ್ದ ಆ ಕೈ ಸೊನ್ನೆಯ ಬಾಯಿ ಬಿಡಿಸಿತು. ಬೆರಳಿನಲ್ಲಿ ಪಾಕ ತೆಗೆದು ಅವರು ಉಜ್ಜುತ್ತಲೇ ಇದ್ದರು; ನಾನು ಕದಡುತ್ತಾ ಕದಡುತ್ತಾ ಎಲ್ಲವನ್ನೂ ಹೇಳಿದೆ. ಬಂಗುಡೆ, ಕಾಂಪೌಂಡು, ಎರಡು ತಿಂಗಳು, ಸೋಮವಾರ.

ಅವರು ತಲೆ ಎತ್ತಲಿಲ್ಲ. ಎಷ್ಟು ಹೊತ್ತಾಯಿತೋ! ಬಿಸಿಲಿನ ಚೌಕ ನನ್ನ ಪಾದದಿಂದ ಮೊಣಕಾಲಿಗೆ ಬಂದಿತ್ತು. ಆಗ ಸೊನ್ನೆಯ ನಾಲಗೆ ಹೊರಬಂದು ಅವರ ಬೆರಳನ್ನು ಒಮ್ಮೆ ನೆಕ್ಕಿತು.

"ಗ್ರಾಫ್ ಸರಿಯೇ ಇತ್ತು" ಎಂದರು ಟೀಚರು, ಯಾರಿಗೋ ಎಂಬಂತೆ.

ಡಾಕ್ಟರು ಬಂದವರು ಬಂಗುಡೆಯ ಕಥೆ ಕೇಳಿ, ಪರೀಕ್ಷೆ ಮುಗಿಸಿ ಡೋಸನ್ನು ಒಂದಕ್ಕೆ ಇಳಿಸಿದರು. "ಟೀಚರ್, ಮೀನು ಕೊಟ್ರೆ ದಿನವೂ ಕೊಡ್ಬೇಕು. ಇಲ್ಲದಿದ್ರೆ ಕೊಡ್ಲೇಬಾರ್ದು. ಒಂದು ದಿನ ಉಂಟು ಒಂದು ದಿನ ಇಲ್ಲ ಅಂತಾದ್ರೆ ನಾನು ಎಂತ ಡೋಸ್ ಹೇಳುದು? ಇನ್ನೊಂದು ಸಲ ಹೀಗಾದ್ರೆ ಇದು ಉಳಿಯುದಿಲ್ಲ."

ಟೀಚರು ಸೊನ್ನೆಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನ ಹೆಂಡತಿಯನ್ನು ಕೇಳು. ಸೋಮವಾರವೂ ಆಗ್ತದಾ ಅಂತ."

ಕಾಂಪೌಂಡಿನ ಆಚೆಯಿಂದಲೇ ಉತ್ತರ ಬಂತು: "ಸೋಮವಾರ ನಮಗೆ ಮಾತ್ರ ಟೀಚರ್. ಅದಕ್ಕೆ ಎಂತ ಸೋಮವಾರ!"

ಮರುದಿನ ಸಂಜೆ, ಮೀನು ಬೇಯುವ ಹೊತ್ತಿಗೆ ಎಂದೂ ನಮ್ಮ ಗೇಟು ದಾಟದ ಟೀಚರು, ಸೊನ್ನೆಯನ್ನು ಎತ್ತಿಕೊಂಡು ಇನ್ಸುಲಿನಿನ ಡಬ್ಬಿಯೊಡನೆ ಬಂದು ನಮ್ಮ ಮೆಟ್ಟಿಲಲ್ಲಿ ಕುಳಿತರು. ಹೆಂಡತಿ ತಟ್ಟೆ ತಂದಿಟ್ಟಳು. ಸೊನ್ನೆ ಬಾಯಿ ಹಾಕುವಷ್ಟರಲ್ಲಿ ಟೀಚರು ಅದನ್ನು ತಡೆದರು.

"ಮುಳ್ಳು ತೆಗೆದದ್ದು ಯಾರು?"

"ನಾನು ಟೀಚರ್" ಎಂದೆ.

ಟೀಚರು ಸೆರಗು ಸೊಂಟಕ್ಕೆ ಸಿಕ್ಕಿಸಿ, ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, ಮುಖವನ್ನು ಆಚೆ ತಿರುಗಿಸಿ ಕಣ್ಣು ಮುಚ್ಚಿದರು. ತುಟಿಗಳು ಏನನ್ನೋ ಹೇಳಿಕೊಳ್ಳುತ್ತಿದ್ದವು. ಹುಟ್ಟಿದಂದಿನಿಂದ ಮೀನು ಮುಟ್ಟದ ಆ ಬೆರಳುಗಳು ಬಿಳಿಯ ತುಂಡುಗಳ ನಡುವೆ ನಿಧಾನವಾಗಿ ಹುಡುಕುತ್ತಾ ಹೋದವು. ಕೂದಲೆಳೆಯಂಥ ಒಂದು ಮುಳ್ಳು ಸಿಕ್ಕಿತು. ಅದನ್ನು ಮೆಟ್ಟಿಲ ಮೇಲಿಟ್ಟರು. ಮತ್ತೊಂದು ಸಿಕ್ಕಿತು.

"ಈಗ ತಿನ್ನು ಮಗಾ" ಎಂದರು.