ರ‍್ಯಾಕೆಟ್ಟಿನ ಮೌನವ್ರತ

ನನ್ನ ಬಲಗೈ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. (ಮನೆಯಲ್ಲಿ ಉಳಿದವರೆಲ್ಲ ಎಂದೋ ಬಿಟ್ಟಿದ್ದರು, ಕೈಯೊಂದು ಬಾಕಿ ಇತ್ತು.) ಭಾನುವಾರ ಬೆಳಿಗ್ಗೆ ಟೆನಿಸ್ ಆಡಿ ಬಂದರೆ ಸಾಕು, ಮೊಣಕೈಯಿಂದ ಒಂದು ನಡುಕ ಹೊರಟು ಬೆರಳ ತುದಿಗೆ ಬಂದು ನಿಲ್ಲುತ್ತದೆ. ಆಮೇಲೆ ಕಪ್ಪು ಎತ್ತಿದರೆ ಅರ್ಧ ಕಾಫಿ ನನಗೆ, ಅರ್ಧ ನನ್ನ ಅಂಗಿಗೆ.

"ರೀ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದಳು ನನ್ನಾಕೆ, ಅಂಗಿ ನೆನೆಹಾಕುತ್ತ. (ಬೇಜಾರಾಗುವಂಥ ಮಾತಿಗೆ ಮಾತ್ರ ಅವಳು ಈ ಪೀಠಿಕೆ ಹಾಕುವುದು.) "ಕೈ ಹೀಗೇ ಇದ್ರೆ ಆಟ ಬಿಟ್ಬಿಡಿ. ಹಲ್ಲಿನ ಡಾಕ್ಟ್ರು ಪಾಪ ಕ್ಲಬ್ಬಲ್ಲಿ ಜೋಡಿ ಇಲ್ದೆ ಗೋಡೆಗೆ ಚೆಂಡು ಹೊಡ್ಕೊಂಡು ನಿಂತಿರ್ತಾರೆ. ಬರೋ ತಿಂಗಳಿಂದ ಅವ್ರ ಜೊತೆ ಆಡ್ತೀನಿ."

ವಾರವೆಲ್ಲ ಅವಳು ನನ್ನವಳಲ್ಲ. ಹಗಲು ಒಂದನೇ ಕ್ಲಾಸಿನ ಮಕ್ಕಳಿಗೆ ಮೇಡಂ, ಸಂಜೆ ಅವರ ಕಾಪಿ ಪುಸ್ತಕಗಳಿಗೆ ಬಲಿ, ಉಳಿದ ಹೊತ್ತು ನಮ್ಮ ಜೊತೆಗೇ ಇರುವ ಅವಳ ಅಮ್ಮನಿಗೆ ಮಗಳು. ಭಾನುವಾರದ ಆ ಒಂದು ಗಂಟೆ ಮಾತ್ರ ನನ್ನದು. ಕ್ಲಬ್ಬಿನ ಅಂಗಳದಲ್ಲಿ ಅವಳು ನನಗೆ ಬೆನ್ನು ಹಾಕಿ ನೆಟ್ಟಿನ ಬಳಿ ನಿಲ್ಲುತ್ತಾಳೆ. ನಾನು ಹಿಂದಿನಿಂದ ಸರ್ವ್ ಮಾಡುತ್ತೇನೆ. ಮುಂದೆ ಅವಳ ತುರುಬು, ಅದರಾಚೆ ನೆಟ್ಟು, ಅದರಾಚೆ ನಮ್ಮ ಎದುರಾಳಿಗಳಾದ ಔಷಧಿ ಅಂಗಡಿಯ ದಂಪತಿ, ಅದರಾಚೆ ಬೆಳಗಿನ ಮಂಜು. ಆಗಾಗ ಅವಳು ಚಕ್ಕನೆ ಬಗ್ಗಿ ಮತ್ತೆ ಏಳುತ್ತಾಳೆ. ಆ ಬಳುಕಾಟ ನೋಡುತ್ತ ನಾನು ಎಷ್ಟೋ ಸಲ ಎರಡನೇ ಚೆಂಡು ಎತ್ತುವುದನ್ನೇ ಮರೆತಿದ್ದೇನೆ. ನನ್ನ ಪಾಲಿಗೆ ಸ್ವರ್ಗ ಅಂದರೆ ಇಷ್ಟೇ. ಅದನ್ನು ಹಲ್ಲು ಕೀಳುವವರಿಗೆ ಬಿಟ್ಟುಕೊಡುವುದೆ?

ಇನ್ನೊಂದು ವಿಷಯ ಹೇಳಬೇಕು. ನನ್ನಾಕೆ ಬೋರ್ಡಿನ ಮೇಲೆ ಬರೆಯುತ್ತಲೇ, ಹಿಂದಕ್ಕೆ ತಿರುಗದೆ, "ಕೊನೇ ಬೆಂಚು, ಬಾಯಿಂದ ಪೆನ್ಸಿಲ್ ತೆಗಿ" ಎನ್ನುತ್ತಾಳಂತೆ. ಮೇಡಂ ಬೆನ್ನಿಗೂ ಕಣ್ಣಿದೆ ಎಂದು ಮಕ್ಕಳ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನಿಸಿಕೊಳ್ಳುವುದು ಬೇಡವೆಂದು ಆವತ್ತೇ ಹಲ್ಲಿನ ಡಾಕ್ಟರನ್ನೇ ಹೋಗಿ ಕೇಳಿದೆ. ಅವರು ಒಳ್ಳೆಯ ಮನುಷ್ಯರು. (ಅದೇ ನನ್ನ ಕಷ್ಟ.)

"ಸಾರ್, ತಪ್ಪು ಕೈದಲ್ಲ, ರ‍್ಯಾಕೆಟ್ಟಿಂದು" ಎಂದರು. "ಚೆಂಡು ಬಡಿದಾಗ ತಂತಿ ನಡುಗುತ್ತೆ, ಆ ನಡುಕ ಹಿಡಿಯಿಂದ ಮೊಣಕೈಗೆ ಹತ್ತುತ್ತೆ. ಅದನ್ನ ದಾರೀಲೇ ತಡೀಬೇಕು. ತಂತಿ ಮಧ್ಯ ಒಂದು ರಬ್ಬರ್ ಸಿಕ್ಸಿ, ತಲೆ ಹತ್ರ ಚೂರು ಭಾರ ಅಂಟ್ಸಿ, ಹಿಡಿಗೆ ಮೆತ್ತಗಿರೋದೇನಾದ್ರೂ ಸುತ್ತಿ. ಎಲ್ಲಾ ಅಂಗಡೀಲಿ ಸಿಗುತ್ತೆ."

ಅಂಗಡಿಯಂತೆ! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವ ಪೈಕಿ ನಾನಲ್ಲ. ನಾನು ಲೈಬ್ರೆರಿಯನ್. ಸದ್ದಡಗಿಸುವುದೇ ನನ್ನ ಕಸುಬು. ಓದುವ ಕೋಣೆಯ ಒಂದೊಂದು ಕುರ್ಚಿಯ ಕಾಲಿಗೂ ಉಣ್ಣೆಬಟ್ಟೆ ಅಂಟಿಸಿದವನು, ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟವನು, ಸೀನುವವರನ್ನು ಹೊರಗೆ ಹೋಗಿ ಸೀನಿ ಎಂದವನು ನಾನು. ಒಂದು ರ‍್ಯಾಕೆಟ್ಟಿನ ಬಾಯಿ ಮುಚ್ಚಿಸಲಾರೆನೆ?

ಹೀಗೆ ನಮ್ಮ ಮನೆಯಲ್ಲಿ ಕಂಪನ ನಿರ್ಮೂಲನಾ ಮಹಾಭಿಯಾನ ಶುರುವಾಯಿತು. ಬಚ್ಚಲಿನ ನಲ್ಲಿ ಬಿಚ್ಚಿ ಅದರ ವಾಷರ್ ತೆಗೆದು ತಂತಿಗಳ ನಡುವೆ ಸಿಕ್ಕಿಸಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಕಿಟಕಿಯ ಪರದೆ ಹಾರದಿರಲೆಂದು ಅಂಚಿನೊಳಗೆ ಹೊಲಿದಿದ್ದ ಸೀಸದ ಪಟ್ಟಿ ಬಿಡಿಸಿ ರ‍್ಯಾಕೆಟ್ಟಿನ ತಲೆಯ ಎರಡೂ ಪಕ್ಕಕ್ಕೆ ಅಂಟಿಸಿದೆ. ಊಟದ ಮೇಜಿನ ಕುರ್ಚಿಗಳ ಕಾಲಿನ ಉಣ್ಣೆಬಟ್ಟೆ ಕಿತ್ತು ಹಿಡಿಗೆ ಸುತ್ತಿದೆ. ಉಳಿದದ್ದು ಹಿಡಿಯ ಬುಡ. ಅಲ್ಲಿಗೆ ಒಂದು ದಪ್ಪ ರಬ್ಬರ್ ಟೋಪಿ ಬೇಕಿತ್ತು. ಮನೆಯೆಲ್ಲ ಹುಡುಕಿ ಸೋತು ಕೂತಾಗ, ಗೋಡೆಗೆ ಒರಗಿಸಿಟ್ಟಿದ್ದ ಅತ್ತೆಯ ಊರುಗೋಲು ಕಣ್ಣಿಗೆ ಬಿತ್ತು. ಅದರ ತುದಿಯಲ್ಲಿ ದುಂಡಗೆ, ಕಪ್ಪಗೆ, ನನಗಾಗಿಯೇ ಹುಟ್ಟಿದಂತೆ ಒಂದು ರಬ್ಬರ್ ಟೋಪಿ ಇತ್ತು.

ಮರುದಿನ ಬೆಳಿಗ್ಗೆ ಯಾರೂ ಏಳುವ ಮುಂಚೆ ಕ್ಲಬ್ಬಿನ ಗೋಡೆಯ ಮುಂದೆ ನಿಂತು ಚೆಂಡು ಹೊಡೆದೆ.

ಸದ್ದೇ ಇಲ್ಲ.

ಮತ್ತೆ ಹೊಡೆದೆ. ಚೆಂಡು ಗೋಡೆಗೆ ತಾಗಿದ್ದು ಕೇಳಿಸಿತು, ನನ್ನ ಕೈಯಿಂದ ಹೊರಟದ್ದು ಕೇಳಿಸಲಿಲ್ಲ. ದಿಂಬಿನಲ್ಲಿ ಹೊಡೆದ ಹಾಗೆ. ಕೈಗೆ ನಡುಕವಿಲ್ಲ, ನೋವಿಲ್ಲ. ತೋಳೆಲ್ಲ ನಿದ್ದೆ ಬಂದಂತೆ ಹಗುರಾಗಿತ್ತು. ಹೊಡೆಯುತ್ತ ಹೊಡೆಯುತ್ತ ನಾನು ಆಡುತ್ತಿದ್ದೇನೋ, ಆಡುವ ಕನಸು ಕಾಣುತ್ತಿದ್ದೇನೋ ತಿಳಿಯದಾಯಿತು. ಮಂಜಿನೊಳಗಿಂದ ಚೆಂಡು ಬರುವುದು, ಮಂಜಿನೊಳಗೆ ಹೋಗುವುದು. ಬೀದಿ ದೀಪಗಳು ಆರಿದ್ದೂ ಗೊತ್ತಾಗಲಿಲ್ಲ. ಆ ದಿನ ಲೈಬ್ರೆರಿಯಲ್ಲಿ ಯಾರೋ ಅಡುಗೆಯ ಪುಸ್ತಕ ಕೇಳಿದರೆ ಖಗೋಳಶಾಸ್ತ್ರ ಕೊಟ್ಟು ಕಳಿಸಿದೆ. ಅವರೂ ಅದನ್ನೇ ತೆಗೆದುಕೊಂಡು ಹೋದರು.

ಆದರೆ ಒಂದು ವಿಷಯ ಯಾವ ಪುಸ್ತಕದಲ್ಲೂ ಬರೆದಿಲ್ಲ. ಸದ್ದು ಸಾಯುವುದಿಲ್ಲ, ಮನೆ ಬದಲಾಯಿಸುತ್ತದೆ. ಬಚ್ಚಲಲ್ಲಿ ನಲ್ಲಿ ತೊಟಕ್ ತೊಟಕ್ ಎನ್ನತೊಡಗಿತು. ಕುರ್ಚಿ ಎಳೆದರೆ ಕುದುರೆ ಕೆನೆದಂತಾಯಿತು. ಪರದೆ ಗಾಳಿಗೆ ಎದ್ದು ಪಟಪಟನೆ ಬಡಿದುಕೊಳ್ಳತೊಡಗಿತು. ಎಲ್ಲಕ್ಕಿಂತ ಮುಖ್ಯವಾಗಿ, ಅತ್ತೆಯ ಕೋಲು ಟಕ್ ಟಕ್ ಎಂದು ಮನೆಯೆಲ್ಲ ಸಾರತೊಡಗಿತು. (ಇದರಿಂದ ನನಗೆ ಅನುಕೂಲವೇ ಆಯಿತು. ಮೊದಲೆಲ್ಲ ನಾನು ಬಿಸ್ಕತ್ತಿನ ಡಬ್ಬಿಗೆ ಕೈಹಾಕಿದಾಗ ಅವರು ಸದ್ದಿಲ್ಲದೆ ಬೆನ್ನ ಹಿಂದೆ ಪ್ರತ್ಯಕ್ಷರಾಗುತ್ತಿದ್ದರು.)

"ಅಳಿಯಂದ್ರೇ, ನನ್ನ ಕೋಲಿನ ರಬ್ಬರ್ ಎಲ್ಲಾದ್ರೂ ಕಂಡ್ರಾ?"

"ಇಲ್ಲ ಅತ್ತೆ. ಸವೆದು ಹೋಗಿರ್ಬೇಕು."

"ನಿನ್ನೆ ಇತ್ತು, ಇವತ್ತಿಲ್ಲ. ಹಾಗೂ ಸವೀತದಾ?"

"ಈಗಿನ ರಬ್ಬರೇ ಹಾಗೆ ಅತ್ತೆ. ಮೊದಲಿನ ಹಾಗೆ ಎಲ್ಲಿ ಬರುತ್ತೆ?"

ಮೊದಲಿನ ಹಾಗೆ ಎಲ್ಲಿ ಎಂದರೆ ಅತ್ತೆ ಎಂಥ ಮಾತನ್ನೂ ಒಪ್ಪುತ್ತಾರೆ. ಮಗಳು ಒಪ್ಪುವವಳಲ್ಲ.

"ಏನ್ರೀ ಇದು, ಮನೇಲಿರೋ ಸಾಮಾನೆಲ್ಲ ಒಟ್ಟಿಗೆ ಬಾಯಿ ಬಿಡ್ತಿವೆ?"

"ಮನೆ ಹಳೇದಾಯ್ತು ಕಣೇ" ಎಂದು ಹೇಳಿ, ಮಂಚದ ಕೆಳಗೆ ಚೀಲದಲ್ಲಿ ಮಲಗಿದ್ದ ನನ್ನ ಮೌನಿಯನ್ನು ನೆನೆದು ಒಳಗೊಳಗೇ ನಕ್ಕೆ.

ಭಾನುವಾರ ಬಂತು. ಅತ್ತೆ ಎಂದಿನಂತೆ ಅಂಗಳದ ಪಕ್ಕದ ಬೆಂಚಿನ ಮೇಲೆ ಕೂತರು. ಹಲ್ಲಿನ ಡಾಕ್ಟರು ಗೋಡೆಗೆ ಹೊಡೆಯುವುದನ್ನು ನಿಲ್ಲಿಸಿ ಅವರ ಪಕ್ಕ ಬಂದು ಕೂತರು. ನನ್ನಾಕೆ ಬೆನ್ನು ಹಾಕಿ ನೆಟ್ಟಿನ ಬಳಿ ನಿಂತಳು. ನಾನು ಚೆಂಡನ್ನು ಮೇಲಕ್ಕೆ ಎಸೆದು ಕನಸಿನಲ್ಲಿ ಬೀಸುವಂತೆ ಬೀಸಿದೆ.

ಚೆಂಡು ನೇರ ಹೋಗಿ ಅವಳ ತುರುಬಿಗೆ ಬಡಿಯಿತು.

ಅವಳು ತಿರುಗಿದಳು. "ರೀ! ಯಾವಾಗ ಹೊಡೆದ್ರಿ?"

"ಈಗಲೇ."

"ಹೇಳ್ಬಾರ್ದಾ?"

ಸರ್ವ್ ಮಾಡುವ ಮುಂಚೆ ಹೇಳಿ ಹೊಡೆಯಬೇಕೆಂಬ ನಿಯಮ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಮತ್ತೆ ಹೊಡೆದೆ. ಈ ಸಲ ಬೆನ್ನಿಗೆ. ಆಮೇಲೆ ಭುಜಕ್ಕೆ. ಇನ್ನೊಂದು ಮತ್ತೆ ತುರುಬಿಗೆ ಬಿದ್ದು ಅದು ಬಿಚ್ಚಿಯೇ ಹೋಯಿತು. ಎದುರಿನ ದಂಪತಿ ಒಂದೇ ಒಂದು ಚೆಂಡು ಮುಟ್ಟದೆ ಗೆಲ್ಲುತ್ತಿದ್ದರು. ಔಷಧಿ ಅಂಗಡಿಯವರು ಮಾತ್ರ ಮರ್ಯಾದಸ್ಥರು, "ಮುಲಾಮು ಬೇಕಾದ್ರೆ ಅಂಗಡಿ ತೆಗೀತೀನಿ" ಎಂದರು.

ನನ್ನಾಕೆ ಕೂದಲು ಕೊಡವುತ್ತ ನನ್ನ ಬಳಿ ಬಂದಳು.

"ಎಲ್ಲಿ ಹೋಯ್ತು ನಿಮ್ಮ ರ‍್ಯಾಕೆಟ್ಟಿನ ಸದ್ದು?"

"ತೆಗೆದೆ" ಎಂದೆ ಹೆಮ್ಮೆಯಿಂದ.

"ತೆಗೆದ್ರಾ! ಇಷ್ಟು ವರ್ಷ ನಿಮಗೆ ಬೆನ್ನು ಕೊಟ್ಟು ಯಾವ ಧೈರ್ಯದ ಮೇಲೆ ನಿಂತಿದ್ದೆ ಅಂದ್ಕೊಂಡ್ರಿ? 'ಥಪ್' ಅಂದ್ರೆ ನೆಟ್ಟಗೆ ಹೋಗುತ್ತೆ, ನಿಂತಿರ್ತೀನಿ. 'ಟಂಗ್' ಅಂದ್ರೆ ಎಲ್ಲಿಗೆ ಬೇಕಾದ್ರೂ ಬರಬಹುದು, ಬಗ್ತೀನಿ. ಅದೂ ನಿಮ್ದು ಮುಕ್ಕಾಲು ಪಾಲು ಟಂಗೇ!"

ಆ ಬಳುಕಾಟವನ್ನು ನಾನು ಅವಳ ಆಟದ ಶೈಲಿ ಎಂದುಕೊಂಡಿದ್ದೆ. ಅದಕ್ಕೊಂದು ಹೆಸರಿರಬೇಕೆಂದು ಲೈಬ್ರೆರಿಯಲ್ಲಿ ಹುಡುಕಿಯೂ ಇದ್ದೆ. ಅದು ಪ್ರಾಣ ಉಳಿಸಿಕೊಳ್ಳುವ ಶೈಲಿ ಎಂದು ಈಗ ಗೊತ್ತಾಗಿ ಭೂಮಿಗಿಳಿದು ಹೋದೆ. ಆದರೂ ಒಳಗೆಲ್ಲೋ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮನೆಯಲ್ಲಿ ನಾನಾಡಿದ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದವಳು, ಇಷ್ಟು ವರ್ಷ ನನ್ನ ಕೈಯ ಒಂದೊಂದು ಸದ್ದನ್ನೂ ಬಿಡದೆ ಕೇಳಿಸಿಕೊಂಡಿದ್ದಳು.

ಅಲ್ಲೇ ಬೆಂಚಿನ ಬಳಿ ಕೂತು ನನ್ನ ಮೌನಿಯ ವ್ರತಭಂಗ ಮಾಡಿದೆ. ವಾಷರ್ ಹೊರಬಂತು.

"ಬಚ್ಚಲಿನ ನಲ್ಲಿ" ಎಂದಳು ನನ್ನಾಕೆ.

ಸೀಸದ ಪಟ್ಟಿ ಬಂತು. "ಪರದೆ." ಉಣ್ಣೆಬಟ್ಟೆ ಬಂತು. "ಕುರ್ಚಿ." ಹಾಜರಿ ತೆಗೆದುಕೊಳ್ಳುವಾಗ ಅವಳ ದನಿ ಹೀಗೇ ಇರುತ್ತದೆ ಎಂದು ಮಕ್ಕಳು ಹೇಳಿದ್ದು ನಿಜ. ಕೊನೆಗೆ ರಬ್ಬರ್ ಟೋಪಿ ಪುಸಕ್ಕನೆ ಕಳಚಿಕೊಂಡಿತು. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕೋಲಿನ ತುದಿಗೆ ತೊಡಿಸಿ, ನೆಲಕ್ಕೆ ಒಮ್ಮೆ ಊರಿ ನೋಡಿದರು.

"ಮೊದಲಿನ ರಬ್ಬರೇ. ಚೂರೂ ಸವೆದಿಲ್ಲ ಅಳಿಯಂದ್ರೇ" ಎಂದರು.

ಆಮೇಲಿನ ಆಟ ಮಾತ್ರ ನೋಡಬೇಕಿತ್ತು. ಟಂಗ್ ಎಂದು ನಾನು ಹೊಡೆದರೆ ಅವಳು ಬಗ್ಗುವಳು, ಚೆಂಡು ಅವಳ ತಲೆಯ ಮೇಲೆ ಹಾದು ಎಲ್ಲಿಗೋ ಹೋಗುವುದು, ಎಲ್ಲಿಗೆಂದು ನಮಗೇ ತಿಳಿಯದ ಮೇಲೆ ಎದುರಿನವರಿಗೆ ಹೇಗೆ ತಿಳಿಯಬೇಕು? ಪ್ರತಿ ಟಂಗಿಗೂ ನನ್ನ ತೋಳು ಭುಜದವರೆಗೆ ಝುಮ್ಮೆನ್ನುತ್ತಿತ್ತು. ನಾನು ನಗುತ್ತಲೇ ಹೊಡೆದೆ. ಗೆದ್ದೆವು.

ಗೆದ್ದ ಕೈ ಮರುದಿನ ಏಳಲಿಲ್ಲ. ಮೂಳೆ ಡಾಕ್ಟರು ಅದನ್ನು ಪಟ್ಟಿ ಕಟ್ಟಿ ಕುತ್ತಿಗೆಗೆ ನೇತುಹಾಕಿ, ಇನ್ನು ಟೆನಿಸ್ಸಿನ ಹೆಸರೆತ್ತಬೇಡಿ ಎಂದರು. ಮುಂದಿನ ಭಾನುವಾರ ನನ್ನ ಜಾಗದಲ್ಲಿ, ನನ್ನ ಆ ತುರುಬಿನ ಹಿಂದೆ, ಹಲ್ಲಿನ ಡಾಕ್ಟರು ನಿಂತರು. ನಾನು ಅತ್ತೆಯ ಪಕ್ಕ ಬೆಂಚಿನ ಮೇಲೆ ಕೂತು ಮಂಜು ನೋಡುತ್ತಿದ್ದೆ. ಕಣ್ಣು ಸ್ವಲ್ಪ ತೇವವಾಗಿತ್ತು. (ಮಂಜಿಗೆ.)

ಡಾಕ್ಟರದು ದುಬಾರಿ ರ‍್ಯಾಕೆಟ್ಟು. ನಾನು ಮನೆ ಕಿತ್ತು ಮಾಡಿದ್ದೆಲ್ಲ ಅದರಲ್ಲಿ ಕಾರ್ಖಾನೆಯಿಂದಲೇ ಆಗಿ ಬಂದಿತ್ತು. ಅವರು ಬೀಸಿದರು. ಸದ್ದೇ ಇಲ್ಲ. ಚೆಂಡು ಹೋಗಿ ನನ್ನಾಕೆಯ ತುರುಬಿಗೆ ಬಡಿಯಿತು.

ಅವಳು ತಿರುಗಿದಳು. ಡಾಕ್ಟರ ಕಡೆಗಲ್ಲ, ನನ್ನ ಕಡೆಗೆ.

"ರೀ, ಸುಮ್ನೆ ಯಾಕೆ ಕೂತಿದೀರಾ? ನೋಡಿ ಹೇಳ್ಬಾರ್ದಾ?"

ಜೀವಮಾನವೆಲ್ಲ ಶ್ ಎಂದವನ ಬಾಯಿಯಲ್ಲಿ ಅಂದಿನಿಂದ ಬೇರೆ ಮಂತ್ರ ಬಂದಿದೆ. ಭಾನುವಾರ ಬೆಳಿಗ್ಗೆ ಡಾಕ್ಟರು ಬೀಸುತ್ತಾರೆ, ನಾನು ಬೆಂಚಿನ ಮೇಲಿಂದ "ಥಪ್!" ಅಥವಾ "ಟಂಗ್!" ಎಂದು ಕೂಗುತ್ತೇನೆ, ನನ್ನಾಕೆ ನಿಲ್ಲುತ್ತಾಳೆ ಅಥವಾ ಬಗ್ಗುತ್ತಾಳೆ. ಜೋಡಿ ಆಟವನ್ನು ಮೂವರು ಆಡುವುದು ನ್ಯಾಯವೆ ಎಂದು ಔಷಧಿ ಅಂಗಡಿಯವರು ಕೇಳಿದ್ದುಂಟು. ಇಲ್ಲಿ ಬಾರಿಸುವವರು ಯಾರಾದರೇನು, ಅವಳು ಬಗ್ಗುವುದು ನನ್ನ ಮಾತಿಗೆ. ಮನೆಯಲ್ಲಿ ಇಂಥದ್ದು ನಡೆದದ್ದೇ ಇಲ್ಲ.

ಮೊನ್ನೆ ನಡೆಯಿತು. ಮಧ್ಯಾಹ್ನ ಊಟ ಮುಗಿಸಿ ಸೋಫಾದ ಮೇಲೆ ಒರಗಿದ್ದೆ. ಪರದೆ ಅಲ್ಲಾಡದೆ ನಿಂತಿತ್ತು, ನಲ್ಲಿ ಸುಮ್ಮನಿತ್ತು, ಮನೆ ಓದುವ ಕೋಣೆಯಷ್ಟು ತಣ್ಣಗಿತ್ತು. ಕನಸಿನಲ್ಲಿ ಮತ್ತೆ ಮಂಜು, ಮುಂದೆ ಅದೇ ತುರುಬು, ನನ್ನ ಕೈಯಲ್ಲಿ ನನ್ನದೇ ರ‍್ಯಾಕೆಟ್ಟು. ಚೆಂಡು ಎಸೆದೆ, ಬೀಸಿದೆ, ಎಂದಿನಂತೆ ತಪ್ಪಿತು.

"ಟಂಗ್!" ಎಂದೆ ನಿದ್ದೆಯಲ್ಲೇ, ಬೆಂಚಿನ ಮೇಲಿನ ದನಿಯಲ್ಲಿ.

ಅದೇ ಹೊತ್ತಿಗೆ ನನ್ನಾಕೆ, ಹೊಸ ಪಿಂಗಾಣಿ ಕಪ್ಪುಗಳಲ್ಲಿ ಕಾಫಿ ತುಂಬಿದ ತಟ್ಟೆ ಹಿಡಿದು ಸೋಫಾದ ಮುಂದೆ ಹಾದುಹೋಗುತ್ತಿದ್ದಳು. ಚಕ್ಕನೆ ಬಗ್ಗಿದಳು. ತಟ್ಟೆ ಬಗ್ಗಲಿಲ್ಲ.

ನಾನು ಕಣ್ಣು ಬಿಟ್ಟಾಗ ನೆಲದ ತುಂಬ ಕಾಫಿ, ಕಾಫಿಯ ತುಂಬ ಕಪ್ಪಿನ ಚೂರು. ಎದ್ದು ಓಡೋಣವೆಂದು ತಿರುಗಿದರೆ ಬೆನ್ನ ಹಿಂದೆ ಅತ್ತೆ. ಒಂದು ಕೈಯಲ್ಲಿ ಸದ್ದಿಲ್ಲದ ಕೋಲು, ಇನ್ನೊಂದರಲ್ಲಿ ಪೊರಕೆ.

"ಹಿಡೀರಿ ಅಳಿಯಂದ್ರೇ" ಎಂದರು. "ಇದನ್ನ ಎಡಗೈಲೂ ಬೀಸ್ಬಹುದು. ಒಂಚೂರೂ ನಡುಗಲ್ಲ."