ಎರಡಂಗುಲ ಎದೆ

ಮದುವೆಯಾದ ಎರಡು ವರ್ಷದಲ್ಲಿ ನನ್ನ ದೇಹದ ಬಗ್ಗೆ ಹೆಂಡತಿ ಗಿರಿಜಾಂಬಿಕಾ ಆಡಿದ್ದು ಒಂದೇ ಮಾತು: "ಅಂಗೀನೇ ನಿಮ್ಮನ್ನ ಹಾಕ್ಕೊಂಡಂಗದೆ ಕಣ್ರೀ." ಅವಳು ಹೆರಿಗೆಗೆ ದಬ್ಬೇಘಟ್ಟದ ತವರಿಗೆ ಹೋದದ್ದೇ ತಡ, ನಾನು ತಿಪಟೂರಿನ ಅಜ್ಮತ್ ಭಾಯ್ ಅವರ ಜಿಮ್ಮಿಗೆ ಸೇರಿಬಿಟ್ಟೆ. ಅವರ ಟ್ರ್ಯಾಕ್ಟರ್ ಗ್ಯಾರೇಜಿನ ಹಿಂದೆಯೇ ಜಿಮ್ಮು.

ಏನು ಹೇಳಲಿ ಭಾಯ್ ಅವರ ಆ ತೋಳನ್ನು! ಮಡಚಿದರೆ ಒಳಗಿಂದ ಸುಲಿದ ತೆಂಗಿನಕಾಯಿ ಎದ್ದು ಬರುತ್ತಿತ್ತು, ಬಿಟ್ಟರೆ ಮಾಯ. ನಾನು ಮೂರು ಸಲ ಮಡಚಿಸಿ ನೋಡಿದೆ. ಕೈ ಮುಗಿಯುವುದೊಂದು ಬಾಕಿ.

"ಎಲ್ಲಾ ಹಾರ್ಮೋನ್ ಕಣಣ್ಣ," ಎಂದರು ಭಾಯ್. "ಇಂಜಿನ್‌ಗೆ ಆಯಿಲ್ ಇದ್ದಂಗೆ. ಲೆವೆಲ್ ಸರಿ ಇರ್ಬೇಕು. ಇಂಜೆಕ್ಷನ್ ಗಿಂಜೆಕ್ಷನ್ ಮುಟ್ಬೇಡಿ. ಇದು ಪಕ್ಕಾ ಗಿಡಮೂಲಿಕೆ."

ಕೊಟ್ಟ ಹಸಿರು ಡಬ್ಬಿಯ ಮೇಲೆ ಸಿಂಹ ಘರ್ಜಿಸುತ್ತಿತ್ತು. ದಿನಕ್ಕೆ ಮೂರು ಚಮಚ ಪುಡಿ ಹಾಲಿಗೆ. ಕಹಿ ತಡೆಯಲಾರದೆ ಮೇಲೆ ಒಂದು ಹೋಳು ಕೊಬ್ಬರಿ, ಒಂದು ಅಚ್ಚು ಬೆಲ್ಲ. ನಾಲ್ಕು ತಿಂಗಳಿಗೆ ಟೇಪು ಹಿಡಿದರೆ ಎದೆ ಎರಡಂಗುಲ ಬೆಳೆದಿತ್ತು! (ಬೆವರು ಮಾತ್ರ ಹುಳಿಪುಡಿ ವಾಸನೆ ಹೊಡೆಯುತ್ತಿತ್ತು. ಮಹಾಪುರುಷರ ಬೆವರು ಹೀಗೇ ಇರಬಹುದು ಎಂದುಕೊಂಡೆ.)

ಕೊನೆಗೆ ಗಿರಿಜಾ ಐದು ತಿಂಗಳ ಮಗುವನ್ನೂ ತಾಯಿ ಹುಚ್ಚಕ್ಕನನ್ನೂ ಕರೆದುಕೊಂಡು ಬಂದಳು. ನಾನು ಬನಿಯನ್ನಿನಲ್ಲಿ, ಎದೆ ಸೆಟೆಸಿ, ಬಾಗಿಲಲ್ಲೇ ದರ್ಶನ ಕೊಟ್ಟೆ. ಅತ್ತೆ ಎದೆ ನೋಡಲಿಲ್ಲ. ಮೂಗರಳಿಸಿ ಸೀದಾ ಡಬ್ಬಿಯ ಹತ್ತಿರ ಹೋಗಿ ಚಿಟಿಕೆ ಪುಡಿ ನಾಲಿಗೆಗಿಟ್ಟರು.

"ಇದನ್ಯಾಕೆ ತಿಂತೀರಾ ಅಳಿಯಂದ್ರೇ?"

"ಅದು ಗಂಡಸರ ಹಾರ್ಮೋನ್ ವಿಷಯ ಅತ್ತೆ. ನಿಮಗೆ ತಿಳಿಯಲ್ಲ."

"ಅಯ್ಯೋ, ಇದು ಮೆಂತ್ಯ ಕಣಪ್ಪ! ಜೊತೆಗೆ ಹಲವು ಮಕ್ಕಳ ತಾಯಿ ಬೇರು. ಹಾಲು ಚೆನ್ನಾಗಿ ಬರ್ಲಿ ಅಂತ ಬಾಣಂತೀರಿಗೆ ಕೊಡೋದು. ನಿಮ್ಮ ಹೆಂಡ್ತಿಗೂ ಐದು ತಿಂಗಳಿಂದ ಇದನ್ನೇ ತಿನ್ನಿಸಿದೀನಿ."

ನನ್ನ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಆ ಎರಡಂಗುಲ! ಬನಿಯನ್ನಿನಲ್ಲೇ ಗ್ಯಾರೇಜಿಗೆ ಓಡಿದೆ.

"ಹೌದಣ್ಣ, ನಮ್ಮನೆಯೋಳು ಮೆಹರೀನೂ ಹೆರಿಗೆ ಆದಾಗ ಅದನ್ನೇ ತಿಂದಿದ್ಲು," ಎಂದರು ಭಾಯ್, ಟ್ರ್ಯಾಕ್ಟರಿನ ಅಡಿಯಿಂದ. "ಅದಿರ್ಲಿ, ನೀವು ಜಿಮ್ಮಲ್ಲಿ ಎಷ್ಟು ಕೆಜಿ ಎತ್ತಿದ್ರಿ?"

ನಾನು ಎತ್ತಿರಲಿಲ್ಲ. ಅವರು ಎತ್ತುವುದನ್ನು ಮೈಮರೆತು ನೋಡಿದ್ದೆ, ದಿನವೂ ಒಂದು ಗಂಟೆ.

"ಹಂಗಾದ್ರೆ ಅದು ಬರೀ ಬೆಲ್ಲ, ಕೊಬ್ಬರಿ. ಹೆದರ್ಬೇಡಿ, ಬುಡಿ."

ಮನೆಗೆ ಬಂದರೆ ಗಿರಿಜಾ ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ತುಂಬಿದ ಕೊಡ ಹೊತ್ತು, ಏದುಸಿರೂ ಇಲ್ಲದೆ ಹೊಸಿಲು ದಾಟುತ್ತಿದ್ದಳು. ಅದೇ ಕಹಿ ಪುಡಿಯನ್ನು ಬೆಲ್ಲವಿಲ್ಲದೆ ನುಂಗಿದವಳು! ನಾನು ಬಾಯಿ ತೆರೆದು ನಿಂತುಬಿಟ್ಟೆ.

"ಏನ್ ನೋಡ್ತೀರಾ? ಹಸಿದು ಅಳ್ತಾ ಅದೆ, ಕೊಡ ಇಳಿಸೋ ತನಕ ಹಿಡ್ಕೊಳ್ರೀ," ಎಂದು ಮಗುವನ್ನು ನನ್ನ ಕೈಗೆ ಹಾಕಿದಳು.

ಮಗು ತಟ್ಟನೆ ಅಳು ನಿಲ್ಲಿಸಿತು. ನನ್ನನ್ನೊಮ್ಮೆ ಮೂಸಿತು. ಆಮೇಲೆ ಪೂರ್ಣ ನಂಬಿಕೆಯಿಂದ ನನ್ನ ಬನಿಯನ್ನಿಗೆ ಬಾಯಿ ಹಾಕಿತು.